ಭಾವನ ಚೈನು, ಚೈನಿನ ಮೀನು

ಭಾನುವಾರ ಬೆಳಿಗ್ಗೆ ಹಲಸೂರಿನ ಎಲ್ಲ ಮನೆಗಳಲ್ಲೂ ಇಡ್ಲಿಯೋ ಉಪ್ಪಿಟ್ಟೋ ಬೇಯುತ್ತಿದ್ದರೆ, ನಮ್ಮ ಅಕ್ಕನ ಮನೆಯಲ್ಲಿ ಮಾತ್ರ ಚೈನು ಬೇಯುತ್ತಿತ್ತು! ನಂಬುವುದಿಲ್ಲವೇ? ನೀವು ನಮ್ಮ ಭಾವನನ್ನು ನೋಡಿಲ್ಲ, ಅದಕ್ಕೇ ನಂಬುವುದಿಲ್ಲ. ಮೋಟರ್ ಸೈಕಲ್ಲಿನ ಚೈನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಮೀಯಿಸಿ, ಬ್ರಷ್ಷಿನಿಂದ ಬೆನ್ನು ತಿಕ್ಕಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಒಲೆಯ ಮೇಲೆ ಕಾದು ಕರಗಿದ ಗ್ರೀಸಿನಲ್ಲಿ ಮುಳುಗಿಸಿಟ್ಟು, ಆಮೇಲೆ ಅದನ್ನು ಕಿಟಕಿಯ ಸರಳಿಗೆ ನೇತುಹಾಕುತ್ತಿದ್ದರು. ಬೀದಿಯ ಬೇರೆ ಮನೆಗಳಲ್ಲಿ ಮಕ್ಕಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ಎತ್ತರ ಗುರುತು ಹಾಕುತ್ತಿದ್ದರು. ಭಾವ ನೇತಾಡುವ ಚೈನಿನ ಪಕ್ಕದ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದು, ಹೋದ ವಾರಕ್ಕಿಂತ ಎಷ್ಟು ಉದ್ದವಾಗಿದೆ ಎಂದು ನೋಡುತ್ತಿದ್ದರು. ಮಕ್ಕಳು ಬೆಳೆದರೆ ಸಂತೋಷ, ಚೈನು ಬೆಳೆದರೆ ಸಂಕಟ. ಸವೆದ ಚೈನು ಉದ್ದವಾಗುತ್ತದಂತೆ.

ಆಗಿನ್ನೂ ಯುದ್ಧ ಮುಗಿದ ಹೊಸದು. ಸೀಮೆಎಣ್ಣೆ ಸಿಗುತ್ತಿದ್ದುದು ರೇಷನ್ನಿನಲ್ಲಿ. ಮನೆಗೆ ಬಂದ ಎಣ್ಣೆಯಲ್ಲಿ ಮೊದಲ ಪಾಲು ಚೈನಿಗೆ, ಉಳಿದದ್ದು ದೀಪಕ್ಕೆ. ರೇಷನ್ ಕಾರ್ಡಿನಲ್ಲಿ ಈ ಮಹಾರಾಯನ ಹೆಸರನ್ನೂ ಬರೆಸಿಬಿಡಿ ಎಂದು ಅಕ್ಕ ಗೊಣಗುತ್ತಿದ್ದಳು.

ಇಷ್ಟೆಲ್ಲ ಕೇಳಿ ಭಾವ ದೊಡ್ಡ ಮೆಕ್ಯಾನಿಕ್ ಇರಬೇಕು ಎಂದುಕೊಂಡಿರಾ? ಅವರು ವಿಮಾನಪುರದ ಕಾರ್ಖಾನೆಯಲ್ಲಿದ್ದದ್ದು ನಿಜ. ಕೋಲಾರದಲ್ಲಿದ್ದ ನಮ್ಮಪ್ಪ, ತಮ್ಮ ಅಳಿಯ ವಿಮಾನ ಮಾಡುತ್ತಾರೆಂದು ಹೇಳಿಕೊಂಡು ತಿರುಗುತ್ತಿದ್ದದ್ದೂ ನಿಜ. ಭಾವ ಮಾಡುತ್ತಿದ್ದುದು ಮಾತ್ರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕೊಡುವ ಗುಮಾಸ್ತಗಿರಿ. ಮೊದಲೆಲ್ಲ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಆ ಸೈಕಲ್ಲೋ, ಜನ್ಮದಲ್ಲಿ ಎಣ್ಣೆ ಕಂಡದ್ದಲ್ಲ. ಗುಡಿಯ ತಿರುವಿನಲ್ಲಿದ್ದಾಗಲೇ ಅದರ ಕಿರ್ರ್ ಕಿರ್ರ್ ಸದ್ದು ಮನೆಗೆ ಕೇಳುತ್ತಿತ್ತು. ಅದನ್ನು ಕೇಳಿಯೇ ಅಕ್ಕ ಕಾಫಿಗೆ ನೀರಿಡುತ್ತಿದ್ದಳು. ಅಂಥ ಮನುಷ್ಯನಿಗೆ ಚೈನಿನ ಹುಚ್ಚು ಹಿಡಿದದ್ದು ನನ್ನ ಕೆಲಸದ ನೆಪದಲ್ಲಿ.

ನಾನು ಅಕ್ಕನ ಮನೆಯಲ್ಲಿದ್ದುಕೊಂಡು ಕೃಷ್ಣರಾಜಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹಂಗಾಮಿ ಉಪಾಧ್ಯಾಯಿನಿಯಾಗಿದ್ದೆ. ಹಂಗಾಮಿ ಎಂದರೆ ಇವತ್ತು ಇದ್ದು ನಾಳೆ ಇಲ್ಲದ್ದು. ಅಪ್ಪನಿಗೆ ನಾನು ಕೆಲಸಕ್ಕೆ ಹೋಗುವುದು ಸುತರಾಂ ಇಷ್ಟವಿರಲಿಲ್ಲ. ಒಂದು ವರ್ಷ ನೋಡುತ್ತೇನೆ, ಖಾಯಂ ಆದರೆ ಸರಿ, ಇಲ್ಲದಿದ್ದರೆ ಕೋಲಾರಕ್ಕೆ ಬಂದು ನಾನು ತೋರಿಸಿದ ಗಂಡಿಗೆ ಕೊರಳೊಡ್ಡಬೇಕು ಎಂದು ಕರಾರು ಹಾಕಿದ್ದರು. ನನಗೋ ಪಾಠ ಹೇಳುವುದೆಂದರೆ ಪ್ರಾಣ. ಆದರೆ ಅಷ್ಟು ದೂರ ಹೋಗುವುದು ಹೇಗೆ? ಇದ್ದಿಲಿನ ಹೊಗೆಯ ಮೇಲೆ ಓಡುವ ಬಸ್ಸೊಂದಿತ್ತು. ಓಡುವ ಎಂದದ್ದು ಅದರ ಮರ್ಯಾದೆಗೆ. ಏರು ಬಂದರೆ ನಾವೇ ಇಳಿದು ತಳ್ಳಬೇಕಾಗಿತ್ತು. ಅದರ ದಯೆಯಿಂದ ಮತ್ತೆ ಮತ್ತೆ ತಡವಾಗಿ, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೆಡ್ಮಿಸ್ಟ್ರೆಸ್ ಹೇಳಿಬಿಟ್ಟರು. ವಿಷಯ ಅದು ಹೇಗೋ ಅಪ್ಪನ ಕಿವಿಗೆ ಬಿದ್ದು, ನನ್ನ ಟ್ರಂಕು ಕಟ್ಟಿಸಲು ಅವರು ಕೋಲಾರದಿಂದ ಬಂದೇಬಿಟ್ಟರು.

ಮಾರನೆಯ ಸಂಜೆ ಬೀದಿಯಲ್ಲಿ ಕಿರ್ರ್ ಎನ್ನುವ ಬದಲು ಡಬಡಬ ಎಂದು ಸದ್ದಾಯಿತು. ಹೊರಗೆ ಬಂದು ನೋಡಿದರೆ ಮಿಲಿಟರಿಯವರು ಹರಾಜು ಹಾಕಿದ, ಪಾಚಿ ಬಣ್ಣದ ಮೋಟರ್ ಸೈಕಲ್ಲು! ಗ್ಯಾರೇಜಿನವನೊಬ್ಬ ಓಡಿಸಿಕೊಂಡು ಬಂದಿದ್ದ, ಭಾವ ಪಕ್ಕದ ಸೈಡ್ ಕಾರಿನಲ್ಲಿ ಚೀಲ ಅಪ್ಪಿಕೊಂಡು ಕೂತಿದ್ದರು. ನಾಲ್ಕು ದಿನ ಹಲಸೂರು ಕೆರೆಯ ಏರಿಯ ಮೇಲೆ ಓಡಿಸಿ ಕಲಿತು, ಇನ್ನು ಮೇಲೆ ಇವಳನ್ನು ನಾನೇ ಬಿಟ್ಟು ಬರುತ್ತೇನೆ ಮಾವ ಎಂದರು. ಭಾವನ ಹಿಂದೆ ನಾದಿನಿ ಕೂರುವುದು ಸರಿಯಲ್ಲ ಎನ್ನಲು ಅಪ್ಪ ಬಾಯಿ ತೆರೆದರು. ಆದರೆ ಕೂರುವುದು ಹಿಂದೆಯಲ್ಲ, ಪಕ್ಕದಲ್ಲಿ, ಅದೂ ಬೇರೆಯದೇ ತೊಟ್ಟಿಯಲ್ಲಿ. ಶಾಸ್ತ್ರದಲ್ಲಿ ಸೈಡ್ ಕಾರಿನ ಬಗ್ಗೆ ಏನೂ ಹೇಳಿಲ್ಲವಲ್ಲ! ಅಪ್ಪ ಅದನ್ನು ಛತ್ರಿಯ ತುದಿಯಿಂದ ತಿವಿದು ನೋಡಿ, ಬೇರೇನೂ ತೋಚದೆ ಊರಿಗೆ ಹೊರಟುಹೋದರು.

ಭಾವನಿಗೆ ಮೋಟರ್ ಸೈಕಲ್ಲಿನ ಆಸೆ ಒಳಗೊಳಗೇ ಇತ್ತು, ನನ್ನ ಕೆಲಸ ಬರೀ ನೆಪ ಎಂದು ಬೀದಿಯವರೆಲ್ಲ ಆಡಿಕೊಂಡರು. ನಾನೂ ಹಾಗೇ ತಿಳಿದಿದ್ದೆ. ಇಲ್ಲದಿದ್ದರೆ ಗಾಡಿಗೆ ಅಷ್ಟೊಂದು ಪೂಜೆ ಯಾಕೆ?

ಈ ಪೂಜೆಯ ಮಂತ್ರೋಪದೇಶ ಮಾಡಿದವರು ಶಿವಾಜಿನಗರದ ಒಬ್ಬ ಸಾಹೇಬರು. ಹಳೇ ಗಾಡಿಗಳ ಸಾಮಾನು ಮಾರುವವರು. ಭಾವ ಮೊದಲ ದಿನ ಅವರ ಅಂಗಡಿಗೆ ಹೋಗಿ ತಮಗೆ ಬರುವ ಹಿಂದೂಸ್ತಾನಿಯಲ್ಲಿ, ಚೈನ್ ಬೇಕು ಎಂದರಂತೆ. ಸಾಹೇಬರು ನಿಟ್ಟುಸಿರು ಬಿಟ್ಟು, "ಚೈನ್ ಕಿಸ್ಕು ನಕ್ಕೋ ಸಾಬ್?" ಎಂದರಂತೆ. ಅವರ ಭಾಷೆಯಲ್ಲಿ ಚೈನ್ ಎಂದರೆ ನೆಮ್ಮದಿ. ನೆಮ್ಮದಿ ಯಾರಿಗೆ ಬೇಡ ಸ್ವಾಮಿ ಎಂದು ಅವರ ಪ್ರಶ್ನೆ. ನಮ್ಮ ಕನ್ನಡದಲ್ಲಾದರೋ ಚೈನಿ ಮಾಡುವವರಿದ್ದಾರೆ. ಭಾವನೊಬ್ಬರಿಗೆ ಮಾತ್ರ ಚೈನಿನಿಂದ ಚೈನೂ ಇಲ್ಲ, ಚೈನಿಯೂ ಇಲ್ಲ! ಗಾಡಿ ದಾರಿಯಲ್ಲಿ ನಿಲ್ಲದ ಹಾಗೆ ಏನು ಮಾಡಬೇಕು ಎಂದು ಭಾವ ಕೇಳಿದ್ದಕ್ಕೆ ಸಾಹೇಬರು ಕೊಟ್ಟ ಉತ್ತರವನ್ನು ಭಾವ ಮನೆಗೆ ಬಂದು ಅದೇ ಧಾಟಿಯಲ್ಲಿ ಹೇಳಿ ತೋರಿಸಿದರು: "ಇಂಜಿನ್ ಅಲ್ಲಾ ಕೈಲಿ ಸಾಬ್, ಟೈರ್ ಮೊಳೆ ಕೈಲಿ. ಚೈನ್ ಒಂದೇ ನಮ್ದು ಕೈಲಿ."

ಅಲ್ಲಿಂದ ಶುರುವಾಯಿತು ನೋಡಿ ಬೇಯಿಸುವ ಕೆಲಸ. ಮಿಲಿಟರಿಯವರು ಚೈನನ್ನು ದನದ ಕೊಬ್ಬಿನಲ್ಲಿ ಬೇಯಿಸುತ್ತಿದ್ದರಂತೆ. ಆ ಮಾತನ್ನು ಭಾವ ಮನೆಯಲ್ಲಿ ಅರ್ಧ ಹೇಳುವಷ್ಟರಲ್ಲೇ ಅವರಮ್ಮ ಎದ್ದು ಹೋಗಿ ಸ್ನಾನ ಮಾಡಿಬಂದರು. ಇವರು ಮಡಿಯೆಂದರೆ ಮಡಿ ಎನ್ನುವವರು. ಅಕ್ಕನಿಗೆ ಅತ್ತೆ, ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. ಕೊಬ್ಬು ಹೋಗಿ ಗ್ರೀಸು ಬಂತು. ಗ್ರೀಸು ಕಾಯಿಸಲು ಪಾತ್ರೆ? ಅಕ್ಕ ಬೋಂಡ ಕರಿಯುವ ಬಾಣಲೆ ಅಗಲವಾಗಿತ್ತು, ಹದವಾಗಿತ್ತು, ಅಕ್ಕ ಮನೆಯಲ್ಲಿರಲಿಲ್ಲ. ಕೆಲಸವಾದ ಮೇಲೆ ಭಾವ ಬಾಣಲೆಯನ್ನು ಬೂದಿ ಹಾಕಿ ತಿಕ್ಕಿ, ಏನೂ ಆಗಿಲ್ಲದವರ ಹಾಗೆ ನಾಗೊಂದಿಗೆಯ ಮೇಲಿಟ್ಟರು.

ಅದೇ ವಾರ ಅಪ್ಪ ಗೊತ್ತು ಮಾಡಿದ್ದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ವರ್ಷ ತುಂಬುವವರೆಗೆ ಕಾಯುವಷ್ಟು ತಾಳ್ಮೆ ಅಪ್ಪನಿಗೆಲ್ಲಿ? ಅಕ್ಕ ಬಿಸಿಬಿಸಿ ಬೋಂಡ ಕರಿದು ತಂದಿಟ್ಟಳು. ಹುಡುಗನ ಸೋದರಮಾವ ಒಂದನ್ನು ಕಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದರು. ಮಸಾಲೆ ಯಾವ ಕಡೆಯದು ಎಂದು ವಿನಯವಾಗಿ ಕೇಳಿದರು. ಭಾವ ಮಾತ್ರ ಬೋಂಡ ಮುಟ್ಟದೆ ಸೂರಿನ ಹೆಂಚು ಎಣಿಸುತ್ತಿದ್ದರು. ಬಂದವರು ಹೋಗಿ ತಿಳಿಸುತ್ತೇವೆ ಎಂದವರು ಇವತ್ತಿನವರೆಗೂ ತಿಳಿಸಿಲ್ಲ! ನನಗೆ ಚೈನಿನ ಮೇಲೆ ಮೊದಲ ಸಲ ಗೌರವ ಮೂಡಿದ್ದು ಆಗಲೇ. ಅಕ್ಕ ಆ ಬಾಣಲೆಯನ್ನು ಭಾವನಿಗೇ ಧಾರೆಯೆರೆದು ಕೊಟ್ಟು, ಹೊಸದು ತರಿಸಿಕೊಂಡಳು.

ಹೀಗೆ ವರ್ಷ ಕಳೆಯುತ್ತ ಬಂತು. ನಾನು ಒಂದು ದಿನವೂ ತಡವಾಗಿ ಹೋಗಲಿಲ್ಲ. ದಿನಾ ಬೆಳಿಗ್ಗೆ ಭಾವ ನನ್ನನ್ನು ಕೃಷ್ಣರಾಜಪುರದಲ್ಲಿ ಇಳಿಸಿ, ಬಂದ ದಾರಿಯಲ್ಲಿ ಹಿಂದಿರುಗಿ ವಿಮಾನಪುರಕ್ಕೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ಅವರ ತಲೆ ಒಂದು ಕಡೆಗೆ ವಾಲಿರುತ್ತಿತ್ತು, ಚೈನಿನ ಸದ್ದಿಗೆ ಕಿವಿಗೊಟ್ಟು. ಕೊನೆಗೆ ಶಾಲೆಗೆ ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಸೋಮವಾರ ಮೊದಲ ಪಾಠಕ್ಕೇ ಬಂದು ಕೂರುತ್ತಾರೆ, ನನ್ನನ್ನು ಖಾಯಂ ಮಾಡುವುದೋ ಬಿಡುವುದೋ ಅವರು ಬರೆದಂತೆ. ಸುದ್ದಿ ಕೇಳಿದ್ದೇ ಭಾವ ಗೋಡೆಯ ಇದ್ದಿಲು ಗೆರೆಗಳ ಮುಂದೆ ನಿಂತು ಬಹಳ ಯೋಚಿಸಿದರು. ಈ ಚೈನು ಉದ್ದವಾಗಿದೆ, ಇದನ್ನು ನಂಬಿ ಸೋಮವಾರ ಹೋಗುವುದು ಬೇಡ, ಹೊಸದನ್ನೇ ಹಾಕುತ್ತೇನೆ ಎಂದು ತೀರ್ಮಾನಿಸಿದರು.

ಶನಿವಾರ ಶಿವಾಜಿನಗರದಿಂದ ಹೊಸ ಚೈನು ತರುವಾಗ ಬೀದಿಯಲ್ಲಿ ಎದುರಾದವರಿಗೆಲ್ಲ, ಚೈನು ಸವೆದುಹೋಗಿತ್ತು, ಹೊಸದು ತಂದೆ ಎಂದು ಹೇಳುತ್ತಲೇ ಬಂದರು. ಕೇಳಿದವರು ಮನೆಗೆ ಹೋಗಿ ಹೆಂಡಂದಿರಿಗೆ ಹೇಳಿದರು. ದೀಪ ಹಚ್ಚುವ ಹೊತ್ತಿಗೆ ಅಕ್ಕಪಕ್ಕದ ಹೆಂಗಸರೆಲ್ಲ ಅಕ್ಕನ ಹೊಸ ಚೈನು ನೋಡಲು ಬಂದು ಚಾಪೆಯ ಮೇಲೆ ಕೂತಿದ್ದರು! ಅಕ್ಕನ ಕೊರಳಲ್ಲಿ ಕರಿಮಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಒಳಗೆ ಹೋಗಿ, ಅರಿಶಿನ ಕುಂಕುಮದ ಬೆಳ್ಳಿ ತಟ್ಟೆಯಲ್ಲಿ ಆ ಗ್ರೀಸು ಮೆತ್ತಿದ ಚೈನನ್ನು ಸುರುಳಿ ಸುತ್ತಿ ತಂದು ನಡುವೆ ಇಟ್ಟಳು. ಎದುರು ಮನೆಯಾಕೆ ಎಷ್ಟು ಸವರನ್ನಿನದು ಎಂದು ಕೇಳಲು ಬಾಯಿ ತೆರೆದವಳು ಹಾಗೇ ಉಳಿದಳು.

"ಸವರನ್ ಲೆಕ್ಕ ಗೊತ್ತಿಲ್ಲ ಕಣ್ರೀ. ತೂಗಿದ್ರೆ ಎರಡು ಸೇರು ಬರುತ್ತೆ," ಎಂದಳು ಅಕ್ಕ.

ಭಾನುವಾರ ಮಧ್ಯಾಹ್ನ ಹಿತ್ತಿಲಿನಲ್ಲಿ ಹೊಸ ಚೈನು ಏರಿಸುವ ಕಾರ್ಯ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಚೈನಿನ ಎರಡು ತುದಿ ಸೇರಿಸುವುದು ಒಂದು ಕೊಂಡಿ. ಆ ಕೊಂಡಿ ಕಳಚದಂತೆ ಹಿಡಿಯುವುದು ಕಿರುಬೆರಳಿನ ಉಗುರಿನಷ್ಟೇ ಇರುವ ಒಂದು ಕ್ಲಿಪ್ಪು. ಒಂದು ಕಡೆ ದುಂಡಗೆ ಮುಚ್ಚಿಕೊಂಡು, ಇನ್ನೊಂದು ಕಡೆ ಬಾಲದ ಹಾಗೆ ಸೀಳಿಕೊಂಡು, ನೋಡಲು ಥೇಟ್ ಮೀನು. ಸಾಹೇಬರೂ ಅದನ್ನು ಮಛ್ಲಿ ಎಂದೇ ಕರೆಯುತ್ತಿದ್ದರು. ಚೈನು ಓಡುವ ದಿಕ್ಕಿಗೆ ಮೀನಿನ ತಲೆ ಇರಬೇಕು, ಬಾಲ ಮುಂದಾದರೆ ದಾರಿಯಲ್ಲಿ ಹಾರಿಹೋಗುತ್ತದೆ ಎಂದು ಭಾವನಿಗೆ ಸಾವಿರ ಸಲ ಹೇಳಿದ್ದರು. ಭಾವ ನಮಗೆ ಎರಡು ಸಾವಿರ ಸಲ ಹೇಳಿದ್ದರು. ಯಾವಾಗಲೂ ಒಂದು ಹೆಚ್ಚಿನ ಮೀನನ್ನು ಕಾಗದದಲ್ಲಿ ಸುತ್ತಿ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು.

ಇಕ್ಕುಳದಿಂದ ಒತ್ತಿ ಕೂರಿಸುವಾಗ ಮೀನು ಟಿಣ್ಣನೆ ಸಿಡಿಯಿತು. ಅಲ್ಲೇ ಜಗಲಿಯ ಮೇಲೆ ಅತ್ತೆ ಮಡಿಯುಟ್ಟು, ನೈವೇದ್ಯದ ಅಕ್ಕಿಯನ್ನು ಮೊರದಲ್ಲಿ ಹಾಕಿಕೊಂಡು ಆರಿಸುತ್ತ ಕೂತಿದ್ದರು.

"ಅಮ್ಮಾ, ಅಲ್ಲಾಡಬೇಡ. ನಿನ್ನ ಅಕ್ಕಿಯಲ್ಲಿ ಮೀನು ಬಿದ್ದಿದೆ," ಎಂದರು ಭಾವ.

ಮೊರ ಹಿತ್ತಿಲಿನ ಆಚೆ ತುದಿಗೆ ಹೋಗಿ ಬಿತ್ತು. ಅತ್ತೆ ಅಷ್ಟು ಚುರುಕಾಗಿ ಎದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಭಾವ ಚೆಲ್ಲಿದ ಅಕ್ಕಿಯಲ್ಲಿ ಬೆರಳಾಡಿಸಿ ಕ್ಲಿಪ್ಪನ್ನು ಎತ್ತಿ ತೋರಿಸಿ, ಇದು ಕಬ್ಬಿಣದ್ದು ಎಂದು ಗೋಗರೆದರು. ಅತ್ತೆ ಕೇಳಬೇಕಲ್ಲ. "ಕಬ್ಬಿಣದ್ದೋ ಬಂಗಾರದ್ದೋ, ಮೀನು ಅಂದ್ಮೇಲೆ ಮೀನೇ," ಎಂದುಬಿಟ್ಟರು. ಹಿತ್ತಿಲು ಸಾರಿಸಬೇಕು, ಮಗ ತಲೆಗೆ ಸ್ನಾನ ಮಾಡಬೇಕು, ಉಟ್ಟ ಬಟ್ಟೆಯೆಲ್ಲ ನೆನೆಯಬೇಕು ಎಂದು ಅಪ್ಪಣೆಯಾಯಿತು. ಎಲ್ಲ ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ಭಾವ ಒದ್ದೆ ಪಂಚೆಯಲ್ಲಿ ನಡುಗುತ್ತ, ಲಾಟೀನಿನ ಬೆಳಕಿನಲ್ಲಿ ಮೀನನ್ನು ಯಾವ ಕಡೆಗೆ ಮುಖ ಮಾಡಿ ಕೂರಿಸಿದರೋ ದೇವರಿಗೇ ಗೊತ್ತು. ಮಾರನೆಯ ಬೆಳಿಗ್ಗೆ ನಮಗೂ ಗೊತ್ತಾಯಿತು.

ಬೆನ್ನಿಗಾನಹಳ್ಳಿ ಕೆರೆಯ ಹತ್ತಿರ ಬಂದಾಗ ಝಣ್ ಎಂದು ಸದ್ದಾಗಿ, ಇಂಜಿನ್ನು ಸುಮ್ಮನೆ ಅರಚಿಕೊಳ್ಳತೊಡಗಿತು, ಗಾಡಿ ನಿಂತಿತು. ತಿರುಗಿ ನೋಡಿದರೆ ನಮ್ಮ ಹೊಸ ಚೈನು ಸತ್ತ ಹಾವಿನ ಹಾಗೆ ರಸ್ತೆಯ ಮೇಲೆ ಬಿದ್ದಿತ್ತು. ಕೊಂಡಿ ಸಿಕ್ಕಿತು, ಅದರ ಮೇಲೆ ಮುಚ್ಚುವ ಪಟ್ಟಿ ಸಿಕ್ಕಿತು, ಮೀನು ಮಾತ್ರ ಎಷ್ಟು ಧೂಳು ಕೆದಕಿದರೂ ಸಿಗಲಿಲ್ಲ. ಭಾವ ಜೇಬಿಗೆ ಕೈ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. ಹೆಚ್ಚಿನ ಮೀನು ಇದ್ದದ್ದು ಅತ್ತೆ ನೆನೆಹಾಕಿಸಿದ್ದ ಪ್ಯಾಂಟಿನಲ್ಲಿ! ಎತ್ತಿನ ಗಾಡಿಯವನೊಬ್ಬ ನಿಲ್ಲಿಸಿ ಏನು ಕಳೆಯಿತು ಎಂದು ಕೇಳಿದ. ಮೀನು ಎಂದೆ. ಅವನು ನನ್ನನ್ನೊಮ್ಮೆ, ಪಕ್ಕದ ಕೆರೆಯನ್ನೊಮ್ಮೆ ನೋಡಿ, "ರೋಡಲ್ಲಿ ಯಾಕಮ್ಮ ಹುಡುಕ್ತೀರ?" ಎಂದು ಎತ್ತು ಹೊಡೆದುಕೊಂಡು ಹೋದ.

ನನಗೆ ಅಂಥ ಹೊತ್ತಿನಲ್ಲೂ ನಗು ಬಂತು. ಭಾವ ನಗಲಿಲ್ಲ. ರಸ್ತೆಯ ಬದಿಯಲ್ಲಿ ಕೂತುಬಿಟ್ಟಿದ್ದರು. ಮುಖ ಬಿಳಚಿಕೊಂಡಿತ್ತು.

"ಮೀನು ಹಿಂದಕ್ಕೆ ನೋಡ್ತಿತ್ತು, ಟೀಚರಮ್ಮ. ನಾನೇ ಹಾಕಿದ್ದು. ನಿಮ್ಮಪ್ಪನಿಗೆ ಏನಂತ ಹೇಳ್ಲಿ?"

ನಾನು ಜಡೆ ಸುತ್ತಿ ಕಟ್ಟಿದ್ದ ತುರುಬಿಗೆ ಕೈ ಹಾಕಿ, ಒಂದು ಹೇರ್‌ಪಿನ್ ಎಳೆದು ಅವರ ಮುಂದೆ ಹಿಡಿದೆ. ಭಾವ ಅದನ್ನು ನೋಡಿದರು, ಕೊಂಡಿಯನ್ನು ನೋಡಿದರು, ಇಕ್ಕುಳ ಎತ್ತಿಕೊಂಡರು. ಪಿನ್ನನ್ನು ಕೊಂಡಿಯ ಎರಡು ತುದಿಗೂ ಸುತ್ತಿ ಬಿಗಿದು, ಇನ್ನೊಂದು ಪಿನ್ ಕೇಳಿ ಅದನ್ನೂ ಸುತ್ತಿದರು. ನನ್ನ ತುರುಬು ಬಿಚ್ಚಿಹೋಯಿತು, ಚೈನು ಕೂಡಿಕೊಂಡಿತು. ಮದುವೆ ಮೆರವಣಿಗೆಯ ವೇಗದಲ್ಲಿ ಹೋಗಿ ಶಾಲೆ ಮುಟ್ಟಿದಾಗ ಮೊದಲ ಗಂಟೆ ಹೊಡೆಯುತ್ತಿತ್ತು.

ಇನ್ಸ್‌ಪೆಕ್ಟರು ಆಗಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನನ್ನದೋ ಕೆದರಿದ ಕೂದಲು, ಮಸಿಯಾದ ಕೈ, ಸೀಮೆಸುಣ್ಣ ಮುಟ್ಟಿದರೆ ಅದೂ ಕಪ್ಪು! ಏನಾಯಿತಮ್ಮ ಎಂದು ಕೇಳಿದರು. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಮೀನಿನ ಬಾಲ ಮುಂದೆ ಮಾಡಿ ಹಾಕಿದ್ರಾ?" ಎಂದರು. ಅವರೂ ಮೋಟರ್ ಸೈಕಲ್ಲಿನವರೇ! ಆಮೇಲೆ ನನ್ನ ಭಿನ್ನರಾಶಿಯ ಪಾಠ ನೀರು ಕುಡಿದಷ್ಟು ಸುಲಭವಾಗಿ ನಡೆಯಿತು.

ಸಂಜೆ ಹೊರಗೆ ಬಂದರೆ ಶಾಲೆಯ ಮುಂದಿನ ಹುಣಸೆ ಮರದ ಕೆಳಗೆ ಭಾವ ಬೆಳಿಗ್ಗೆ ನಿಂತಿದ್ದಲ್ಲೇ ಇದ್ದರು. ಕಾರ್ಖಾನೆಗೆ ಹೋಗಿರಲಿಲ್ಲ. ಜ್ವರ ಬಂದರೂ ರಜಾ ಹಾಕದ ಮನುಷ್ಯ! ಕೇಳಿದರೆ, ಹೇರ್‌ಪಿನ್ನನ್ನು ನಂಬಿ ಅಷ್ಟು ದೂರ ಹೋಗಲು ಧೈರ್ಯವಾಗಲಿಲ್ಲ ಎಂದರು. ಚೈನನ್ನು ಒಂಟಿಯಾಗಿ ಬಿಟ್ಟುಹೋಗಲು ಮನಸ್ಸು ಬಂದಿರಲಿಕ್ಕಿಲ್ಲ ಎಂದು ನಾನು ಅಕ್ಕನ ಮುಂದೆ ಹೇಳಿ ನಕ್ಕೆ. ಅಕ್ಕ ನನ್ನ ಮುಖ ನೋಡಿ ಏನೋ ಹೇಳಲು ಹೊರಟವಳು ಭಾವನಿಗೆ ಕಾಫಿ ಬೆರೆಸಲು ಎದ್ದು ಹೋದಳು. ಮಾರನೆಯ ದಿನ ಭಾವ ಕಮರ್ಷಿಯಲ್ ಸ್ಟ್ರೀಟಿನಿಂದ ಒಂದು ಇಡೀ ಡಬ್ಬಿ ಹೇರ್‌ಪಿನ್ ತಂದುಕೊಟ್ಟರು. ಅರ್ಧ ನನಗೆ, ಅರ್ಧ ಗಾಡಿಗೆ.

ನನ್ನ ಕೆಲಸ ಖಾಯಂ ಆಯಿತು. ಅಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ, ಗೊಣಗುತ್ತಲೇ ಒಪ್ಪಿಕೊಂಡರು. ಶಾಲೆಯ ಹತ್ತಿರ ಮನೆ ಮಾಡಿಕೊಂಡಿದ್ದ ಹಿರಿಯ ಉಪಾಧ್ಯಾಯಿನಿಯೊಬ್ಬರು ನನ್ನನ್ನು ಜೊತೆಗಿರಲು ಕರೆದರು, ಹೋದೆ. ಮುಂದಿನ ಯುಗಾದಿಗೆ ಹಲಸೂರಿಗೆ ಬಂದು ಅಡುಗೆಮನೆಯಲ್ಲಿ ಕೂತಿದ್ದೆ. ಗುಡಿಯ ತಿರುವಿನ ಕಡೆಯಿಂದ ಕಿರ್ರ್ ಕಿರ್ರ್ ಎಂದು ಕೇಳಿಸಿತು. ಅಕ್ಕ ಎದ್ದು ಕಾಫಿಗೆ ನೀರಿಟ್ಟಳು.

ಮೋಟರ್ ಸೈಕಲ್ ಎಲ್ಲಿ ಎಂದು ಕೇಳಿದೆ. ನಾನು ಕೃಷ್ಣರಾಜಪುರಕ್ಕೆ ಹೋದ ವಾರವೇ ಮಾರಿಬಿಟ್ಟರಂತೆ. ನನಗೆ ನಂಬಲಾಗಲಿಲ್ಲ. ಅಷ್ಟು ಪ್ರೀತಿಯ ಗಾಡಿಯಲ್ಲವೇ?

"ಪ್ರೀತಿ ಎಲ್ಲಿ ಬಂತೇ? ಅವರಿಗೆ ಅದನ್ನ ಕಂಡ್ರೆ ಜೀವ ಹೋಗ್ತಿತ್ತು," ಎಂದಳು ಅಕ್ಕ, ಒಲೆಯ ಕಡೆಗೇ ಮುಖ ಮಾಡಿಕೊಂಡು. "ಮೊದಲನೇ ದಿನ ನಿನ್ನ ಬಿಟ್ಟು ಬಂದು ಹೇಳ್ತಿದ್ರು, ಭಯಕ್ಕೆ ಫ್ಯಾ‌ಕ್ಟರೀಲಿ ಪೆನ್ನು ಹಿಡಿಯಕ್ಕಾಗ್ಲಿಲ್ಲ ಅಂತ. ನಿನಗೆ ಹೇಳ್ಕೂಡ್ದು ಅಂತ ಆಣೆ ಹಾಕ್ಸಿದ್ರು. ಅಪ್ಪ ಟ್ರಂಕು ಕಟ್ಸಕ್ಕೆ ಬಂದಾಗ ನೀನು ಹಿತ್ತಿಲಲ್ಲಿ ಅಳ್ತಾ ಇದ್ದೆಯಲ್ಲ, ಅದನ್ನ ನೋಡಿ ಹೋಗಿ ತಂದ ಗಾಡಿ ಅದು."

ಇಂಜಿನ್ನು ದೇವರ ಕೈಲಿ, ಟೈರು ಮೊಳೆಯ ಕೈಲಿ. ಹೆದರಿದ ಮನುಷ್ಯನ ಕೈಲಿ ಉಳಿದದ್ದು ಚೈನೊಂದೇ. ಅದನ್ನು ಅವರು ವರ್ಷವಿಡೀ ಮೀಯಿಸಿ, ಬೇಯಿಸಿ, ಗೋಡೆಗೆ ಹಿಡಿದು ಅಳೆದದ್ದು ನಾನು ಶಾಲೆಯ ಗಂಟೆಗೆ ಸರಿಯಾಗಿ ಮುಟ್ಟಲಿ ಎಂದು.

ಭಾವ ಒಳಗೆ ಬಂದು, ಯಾವಾಗ ಬಂದೆ ಟೀಚರಮ್ಮ ಎಂದು ಕೇಳಿ, ಕಾಫಿ ಲೋಟ ಹಿಡಿದು ಕೂತರು. ನಾನು ಹೊರಗೆ ಹೋಗಿ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ನೋಡಿದೆ. ಅದರ ಚೈನು ತುಕ್ಕು ಹಿಡಿದು ಕೆಂಪಗಾಗಿತ್ತು. ಒಂದು ತೊಟ್ಟು ಎಣ್ಣೆಯನ್ನೂ ತಮ್ಮ ಚೈನಿಗೆ ಹಾಕಿಕೊಂಡಿರಲಿಲ್ಲ, ಪುಣ್ಯಾತ್ಮ. ಹಬ್ಬದ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀಮೆಎಣ್ಣೆ ಬಟ್ಟಲು ತಂದು, ಆ ಚೈನು ಬಿಚ್ಚಿ ತಿಕ್ಕಲು ಕೂತೆ. ಸದ್ದು ನಿಲ್ಲಿಸಿಬಿಟ್ಟರೆ ಇನ್ನು ಕಾಫಿಗೆ ನೀರಿಡುವುದು ಯಾವಾಗ ಎಂದು ಅಕ್ಕ ಒಳಗಿನಿಂದ ಬೈದಳು. ಬೈಯಲಿ. ತೊಳೆದು, ಒರೆಸಿ, ಎಣ್ಣೆ ಬಿಟ್ಟು, ಕೊಂಡಿ ಸೇರಿಸಿ, ಕ್ಲಿಪ್ಪು ಒತ್ತಿದೆ.

ಭಾವ ಯಾವಾಗ ಬಂದು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತರೋ ಗೊತ್ತಾಗಲಿಲ್ಲ. ನನ್ನ ಮಸಿಯಾದ ಕೈ ನೋಡಿದರು, ಮುಖ ನೋಡಿದರು. ಅಕ್ಕ ಆಣೆ ಮುರಿದಿದ್ದಾಳೆಂದು ಅವರಿಗೆ ತಿಳಿದಿರಬೇಕು. ಅದನ್ನು ಕೇಳಲಿಲ್ಲ.

"ಮೀನು ಯಾವ್ ಕಡೆ ನೋಡ್ತಿದೆ?" ಎಂದರು.

"ಮುಂದಕ್ಕೇ, ಭಾವ," ಎಂದೆ.